ಪರದೇಶದ ಪಾಠಶಾಲೆಯಲ್ಲಿ ಅಕ್ಷರಸೇವೆ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಕೆಲವರು ಆಫ್ರಿಕಾಖಂಡದ ಶಾಲೆಗಳಿಗೆ ಹೋಗಿ, ಸಂಬಳವಿಲ್ಲದೆ ಕೆಲವು ಕಾಲ ಮಕ್ಕಳಿಗೆ ಓದುಬರಹ ಕಲಿಸಬೇಕೆಂದು ಅಪೇಕ್ಷಿಸುತ್ತಾರೆ. ತಾಯಿತಂದೆಗಳು ಇದನ್ನು ಕೇಳಿ ಕಳವಳಪಡುವದುಂಟು. ಇಚ್ಛೆಯು ಒಳ್ಳೆಯದೇ, ಆದರೆ ಈ ಸೇವೆಯಿಂದ ಪ್ರಯೋಜನವು ಯಾರಿಗೆಂಬದನ್ನು ಮೊದಲು ವಿಚಾರಿಸತಕ್ಕದ್ದು. ಹೋಗುವವಳ ಮನಸ್ಸಂತೋಷಕ್ಕೋ, ಓದಲಾರದ ಮಗುವಿಗೋ?

ಮಲಾವಿ ದೇಶವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅಲ್ಲಿ 1994 ರಲ್ಲಿ ಪ್ರಾಥಮಿಕ ಶಾಲೆಗಳ ಫೀಜನ್ನು ತೆಗೆದುಹಾಕಿದಾಗ, ಸುಮಾರು 19 ಲಕ್ಷವಿದ್ದ ಮಕ್ಕಳ ಸಂಖ್ಯೆಯು ಬೇಗನೆ 29 ಲಕ್ಷದಷ್ಟಾಯಿತು. ಬಡವರ ಮಕ್ಕಳಿಗೆ ಬಾಗಿಲು ತೆರೆದದ್ದು ದೊಡ್ಡ ಉಪಕಾರವೇ ಸರಿ. ಆದರೆ ಕೊಠಡಿಗಳೂ ಉಪಾಧ್ಯಾಯರೂ ಪುಸ್ತಕಗಳೂ ಆ ವೇಗದಲ್ಲಿ ಹೆಚ್ಚಲಿಲ್ಲ. ಕೆಳಗಿನ ತರಗತಿಗಳಲ್ಲಿ ಒಬ್ಬ ಉಪಾಧ್ಯಾಯಿನಿಯ ಮುಂದೆ ನೂರಕ್ಕೆ ಮಿಕ್ಕಿ ಮಕ್ಕಳು ಕೂಡುವದು ಇಂದಿಗೂ ಅಪರೂಪವಲ್ಲ. 40 ನಿಮಿಷಗಳ ಪಾಠದಲ್ಲಿ 100 ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿದರೆ ಒಂದು ಮಗುವಿಗೆ 24 ಸೆಕೆಂಡು ಮಾತ್ರ ದೊರೆಯುವದು. ಆದಕಾರಣ ಎಲ್ಲರೂ ಒಟ್ಟಾಗಿ ಕೂಗಿ ಹೇಳಿದ ಪಾಠವು ಬಾಯಿಗೆ ಬರುವದು, ಕಣ್ಣಿಗೆ ಬಾರದು. ಸಹಾರಾ ಮರುಭೂಮಿಗೆ ದಕ್ಷಿಣದ ದೇಶಗಳಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸುಲಭವಾದ ಬರಹವನ್ನು ಓದಿ ತಿಳಿಯಲಾರರೆಂದು ವಿಶ್ವ ಬ್ಯಾಂಕು ಮೊದಲಾದ ಸಂಸ್ಥೆಗಳು 2022 ರಲ್ಲಿ ಅಂದಾಜು ಮಾಡಿದವು.

ಇಂಥ ಸ್ಥಳಕ್ಕೆ ಇಂಗ್ಲಿಷ್ ಮಾತ್ರ ಹೊತ್ತುಕೊಂಡು ಹೋದವಳು ಏನು ಮಾಡಬಲ್ಲಳು? ಮಲಾವಿಯಲ್ಲಿ ಬಹುಜನರು ಆಡುವ ಮಾತು ಚಿಚೇವ. ಅದನ್ನು ರೋಮನ್ ಅಕ್ಷರಗಳಲ್ಲಿ ಬರೆದರೂ ಕಲಿಯುವ ಕ್ರಮವು ನಮ್ಮ ಕಾಗುಣಿತಕ್ಕೆ ಹತ್ತಿರವಾದದ್ದು. ಒಂದೊಂದು ವ್ಯಂಜನಕ್ಕೆ ಸ್ವರಗಳನ್ನು ಕೂಡಿಸಲು ಕಲಿತ ಮಗುವು ‘ಮಾಯಿ’ ಅಂದರೆ ತಾಯಿ, ‘ಬುಕು’ ಅಂದರೆ ಪುಸ್ತಕ, ಎಂಬ ಮಾತುಗಳನ್ನು ತಾನೇ ಓದಿಕೊಳ್ಳುವದು. ಇದನ್ನು ಬಿಟ್ಟು, ಬರೆಯುವದೊಂದು ಹೇಳುವದೊಂದಾದ ಇಂಗ್ಲಿಷಿನಿಂದ ಪ್ರಾರಂಭಿಸಿದರೆ ಮಗುವಿನ ಮೇಲೆ ಎರಡು ಭಾರಗಳನ್ನು ಒಟ್ಟಿಗೆ ಹೊರಿಸಿದಂತಾಗುವದು.

ಹೊರಗಿನವರು ಬಂದು ಕಲಿಸುವದು ಕನ್ನಡಿಗರು ಕಾಣದ್ದಲ್ಲ. 1853 ರಲ್ಲಿ ಬಾಸೆಲ್ ಮಿಶನಿನಿಂದ ಬಂದ ಕಿಟ್ಟೆಲರು ಮೊದಲು ನಮ್ಮ ಭಾಷೆಗೆ ಶಿಷ್ಯರಾದರು. ಅವರ ನಿಘಂಟು ಪ್ರಕಟವಾದದ್ದು 1894 ರಲ್ಲಿ. ನಾಲ್ವತ್ತು ವರ್ಷಗಳ ಶಿಷ್ಯತ್ವವನ್ನು ನಮ್ಮ ಹೆಣ್ಣುಮಕ್ಕಳಿಂದ ಯಾರೂ ಕೇಳುವದಿಲ್ಲ. ಆರು ತಿಂಗಳಿನದ್ದನ್ನಾದರೂ ಕೇಳಬೇಕಲ್ಲವೇ? ಹದಿನೈದು ದಿವಸಗಳಿಗೆ ಹೋಗಿ, ಹಾಡು ಕಲಿಸಿ, ಮಕ್ಕಳ ಚಿತ್ರ ತೆಗೆದುಕೊಂಡು ಬರುವದು ಪ್ರವಾಸವೇ ಹೊರತು ಸೇವೆಯಲ್ಲ.

ಹೋಗುವವಳು ಅಲ್ಲಿಯ ಉಪಾಧ್ಯಾಯಿನಿಯ ಸ್ಥಾನದಲ್ಲಿ ನಿಲ್ಲದೆ ಅವಳ ಪಕ್ಕದಲ್ಲಿ ನಿಲ್ಲತಕ್ಕದ್ದು. ಐದಾರು ಮಕ್ಕಳನ್ನು ಮರದ ನೆರಳಿಗೆ ಕರೆದುಕೊಂಡು ಹೋಗಿ, ಒಂದೊಂದು ಮಗುವು ಓದುವದನ್ನು ತಾಳ್ಮೆಯಿಂದ ಕೇಳುವದು ಅವಳ ಮುಖ್ಯ ಕೆಲಸ. ಆ 24 ಸೆಕೆಂಡುಗಳನ್ನು ಹತ್ತು ನಿಮಿಷಗಳಾಗಿ ಮಾಡಿದರೆ ಅದೇ ದೊಡ್ಡ ದಾನ. ಮಕ್ಕಳನ್ನು ತರಗತಿಯಿಂದಲ್ಲ, ಓದುವ ಶಕ್ತಿಯಿಂದ ಗುಂಪುಮಾಡಿ ಕಲಿಸುವ ಕ್ರಮವನ್ನು, ಮುಂಬಯಿಯಲ್ಲಿ 1995 ರಲ್ಲಿ ಆರಂಭವಾದ ಪ್ರಥಮ್ ಸಂಸ್ಥೆಯು ನಮ್ಮ ದೇಶದಲ್ಲಿ ಬಳಕೆಗೆ ತಂದಿತು. ಝಾಂಬಿಯ ಮೊದಲಾದ ಆಫ್ರಿಕಾ ದೇಶಗಳೂ ಅದನ್ನು ಕೈಕೊಂಡಿವೆ. ಹಡಗನ್ನೋ ವಿಮಾನವನ್ನೋ ಏರುವದಕ್ಕೆ ಮೊದಲು ನಮ್ಮ ಹಳ್ಳಿಯ ಶಾಲೆಯೊಂದರಲ್ಲಿ ಇದನ್ನು ಅಭ್ಯಾಸಮಾಡಿ ಕೈ ಪಳಗಿಸಿಕೊಳ್ಳಬಹುದು.

ತಾಯಿತಂದೆಗಳೇ, ಮಗಳು ದೂರ ಹೋಗುವಳೆಂದು ಅಂಜಿ ತಡೆಯಬೇಡಿರಿ. ಮೂರು ಪ್ರಶ್ನೆಗಳನ್ನು ಕೇಳಿರಿ. ಎಷ್ಟು ಕಾಲ ಇರುವಿ? ಯಾರ ಅಧೀನದಲ್ಲಿ ಕೆಲಸಮಾಡುವಿ? ಅವರ ಮಾತನ್ನು ಕಲಿತಿರುವಿಯಾ? ಇವಕ್ಕೆ ತಕ್ಕ ಉತ್ತರವಿದ್ದರೆ ಹರಸಿ ಕಳುಹಿಸಿರಿ. ಇಲ್ಲವಾದರೆ ಪ್ರಯಾಣದ ಹಣವನ್ನು ಆ ಊರಿನವಳೇ ಆದ ಉಪಾಧ್ಯಾಯಿನಿಯೊಬ್ಬಳ ಸಂಬಳಕ್ಕೆ ಸಲ್ಲಿಸುವದು ಮೇಲು. ಯಾತಕ್ಕಂದರೆ, ಮುಂದಿನ ವರ್ಷವೂ ಅವಳು ಆ ಮಕ್ಕಳ ಬಳಿಯಲ್ಲಿರುವಳು.