ಎಡೆ ಹೊಡೆಯುವ ಬೈಕ್ ಮಾಡಿದವನಿಗೆ ರೇಸ್ ಕಾರು ಎಷ್ಟು ದೂರ?

ಹೋದ ಮುಂಗಾರಿನಲ್ಲಿ ಆಳಂದ ರಸ್ತೆಯ ಒಂದು ಗ್ಯಾರೇಜಿನ ಮುಂದೆ ನನ್ನ ಗಾಡಿ ಪಂಕ್ಚರ್ ಆಗಿ ನಿಂತಿದ್ದೆ. ಒಳಗೆ ಇಪ್ಪತ್ತರ ಒಬ್ಬ ಹುಡುಗ ಹಳೆಯ ಬೈಕಿನ ಹಿಂದಿನ ಗಾಲಿ ಬಿಚ್ಚಿ, ಅದಕ್ಕೊಂದು ಕಬ್ಬಿಣದ ಚೌಕಟ್ಟು ಬೆಸೆಯುತ್ತಿದ್ದ. ಆ ಚೌಕಟ್ಟಿಗೆ ಎರಡು ಸಣ್ಣ ಗಾಲಿ, ಹಿಂದೆ ಎಡೆಕುಂಟೆ. ತೊಗರಿ ಸಾಲಿನ ನಡುವೆ ಎಡೆ ಹೊಡೆಯಲು ಎತ್ತು ಸಿಗದ ಕಾಲಕ್ಕೆ ನಮ್ಮ ರೈತರು ಕಂಡುಕೊಂಡ ದಾರಿ ಅದು.

"ಯಾರ್ ಕಲಿಸಿದ್ರೋ ತಮ್ಮಾ ಇದನ್ನ?" ಅಂತ ಕೇಳಿದೆ.

"ಯಾರ್ ಕಲಸ್ತಾರ್ರಿ ಅಣ್ಣಾ. ಫೋನಿನ್ಯಾಗ ಒಂದ್ ವಿಡಿಯೋ ನೋಡಿದ್ದೆ. ಉಳದದ್ದು ಕೈಗೇ ತಿಳೀತದ" ಅಂದ.

ಅದೇ ವಾರ ನನ್ನ ಫೋನಿಗೂ ಒಂದು ವಿಡಿಯೋ ಬಂತು. ಇಂಜಿನಿಯರಿಂಗ್ ಹುಡುಗರು ತಾವೇ ಮಾಡಿದ ರೇಸ್ ಕಾರು ಓಡಿಸುತ್ತಿದ್ದರು. ಒಂದೇ ಸೀಟು, ಗಾಲಿಗಳು ಹೊರಗೆ, ಫಾರ್ಮುಲಾ ಒನ್ ಕಾರಿನ ತಮ್ಮನ ಹಾಗೆ. ಒಳಗಿದ್ದ ಎಂಜಿನ್ ಯಾವುದು ಅಂತ ನೋಡಿದರೆ ಬೈಕಿನದು! ಬೈಕಿನ ಎಂಜಿನ್ ತೆಗೆದು, ಪೈಪು ಬೆಸೆದು ಮಾಡಿದ ಚೌಕಟ್ಟಿಗೆ ಕೂರಿಸಿ, ಚೈನ್ ಹಾಕಿ ಹಿಂದಿನ ಗಾಲಿ ತಿರುಗಿಸುವುದು.

ಗ್ಯಾರೇಜಿನ ಹುಡುಗ ಮಾಡಿದ್ದೂ ಇದೇ ಜಾತಿಯ ಕೆಲಸ. ಆದರೆ ಅವನದಕ್ಕೆ ನಾವು ಜುಗಾಡ್ ಅನ್ನುತ್ತೇವೆ, ಇವರದಕ್ಕೆ ಇಂಜಿನಿಯರಿಂಗ್ ಅನ್ನುತ್ತೇವೆ. ಈ ಎರಡರ ನಡುವಿನ ದೂರ ಎಷ್ಟು, ಅದನ್ನು ಯಾರು ಕಡಿಮೆ ಮಾಡಬೇಕು ಅನ್ನುವುದೇ ಈ ಬರಹದ ವಿಷಯ.

ಶೆಡ್ಡಿನಿಂದ ಶುರುವಾದ ಕಥೆ

ರೇಸ್ ಅಂದರೆ ಕೋಟ್ಯಧೀಶರ ಆಟ ಅಂತ ನಾವು ತಿಳಿದಿದ್ದೇವೆ. ಸುಳ್ಳೇನಲ್ಲ. ಆದರೆ ನಮ್ಮ ದೇಶದಲ್ಲಿ ಒಂಟಿ ಸೀಟಿನ ಕಾರಿನ ಕಥೆ ನಡೆದು ಬಂದ ದಾರಿಯಲ್ಲಿ ಜುಗಾಡ್ ಕೂಡ ಇದೆ.

ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಅಂತ ಒಬ್ಬರಿದ್ದರು. ಜವಳಿ ಗಿರಣಿಯ ಮನೆತನದವರು, ದುಡ್ಡಿಗೆ ಕೊರತೆ ಇರಲಿಲ್ಲ. ಆದರೂ ಅವರು ವಿದೇಶದಿಂದ ಕಾರು ತರಿಸಿ ಸುಮ್ಮನಾಗಲಿಲ್ಲ. 1980ರ ದಶಕದ ಕೊನೆಗೆ, ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದ ಮಾರುತಿ 800ರ ಎಂಜಿನ್ ತೆಗೆದು ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಬಿಡಿಭಾಗ ಊರಲ್ಲೇ ಸಿಗುತ್ತಿತ್ತು, ರಿಪೇರಿ ಊರಲ್ಲೇ ಆಗುತ್ತಿತ್ತು. ಹಾಗಾಗಿ ಹತ್ತಾರು ಹುಡುಗರಿಗೆ ರೇಸ್ ಕಲಿಯುವ ಅವಕಾಶ ಸಿಕ್ಕಿತು.

ಆ ಕಾರಿನಲ್ಲಿ ಕಲಿತವರಲ್ಲಿ ಒಬ್ಬರು ನಾರಾಯಣ್ ಕಾರ್ತಿಕೇಯನ್. 2005ರಲ್ಲಿ ಜೋರ್ಡಾನ್ ತಂಡದಿಂದ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ. ಕರಿವರ್ಧನ್ ಅದನ್ನು ನೋಡಲು ಇರಲಿಲ್ಲ. 1995ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಇವತ್ತು ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಅವರದೇ ಹೆಸರು: ಕರಿ ಮೋಟರ್ ಸ್ಪೀಡ್‌ವೇ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. 2003ರಲ್ಲಿ ಬೆಂಗಳೂರಿನ ಆರ್‌.ವಿ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಒಂದು ತಂಡ ಕಟ್ಟಿಕೊಂಡರು. ಹೆಸರು ಅಶ್ವ ರೇಸಿಂಗ್. ಅವತ್ತು ತಂಡದಲ್ಲಿದ್ದವರು ಪಾಸಾಗಿ ಹೋದರು. ಅವರ ಹಿಂದೆ ಬಂದವರೂ ಹೋದರು. ತಂಡ ಮಾತ್ರ ಉಳಿಯಿತು. ಹಳಬರು ಮಾಡಿದ ತಪ್ಪನ್ನು ಹೊಸಬರಿಗೆ ಹೇಳಿಕೊಟ್ಟು ಹೋಗುವುದು, ಹೊಸಬರು ಅದರ ಮೇಲೆ ಇನ್ನೊಂದು ಕಾರು ಮಾಡುವುದು, ಹೀಗೇ ನಡೆದು ಬಂತು. ಪೆಟ್ರೋಲ್ ಕಾರು ಆಯಿತು, ಎಲೆಕ್ಟ್ರಿಕ್ ಕಾರೂ ಆಯಿತು, ವಿದೇಶದ ಸ್ಪರ್ಧೆಗಳಿಗೂ ಹೋಗಿ ಬಂದರು. ಮಣಿಪಾಲದಲ್ಲಿ ಫಾರ್ಮುಲಾ ಮಣಿಪಾಲ್ ಅಂತ ಇಂಥದ್ದೇ ಇನ್ನೊಂದು ತಂಡ ಇದೆ.

ಇಂಥ ತಂಡಗಳ ಚರಿತ್ರೆಯಲ್ಲಿ ಕಪ್ಪುಗಳಿಗಿಂತ ದೊಡ್ಡದು ಈ ಮಾತು: ಹುಡುಗರು ಬದಲಾದರು, ವಿದ್ಯೆ ಕಾಲೇಜಿನಲ್ಲೇ ಉಳಿಯಿತು.

ಗೆಲ್ಲುವುದು ಬರೀ ವೇಗದಿಂದಲ್ಲ

ಈ ಸ್ಪರ್ಧೆಗೆ ಫಾರ್ಮುಲಾ ಸ್ಟೂಡೆಂಟ್ ಅನ್ನುತ್ತಾರೆ. 1981ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದದ್ದು. ನಮ್ಮ ದೇಶದಲ್ಲಿ ಫಾರ್ಮುಲಾ ಭಾರತ್ ಅನ್ನುವ ಹೆಸರಿನಲ್ಲಿ ಅದೇ ಕರಿ ಟ್ರ್ಯಾಕಿನಲ್ಲಿ ನಡೆಯುತ್ತದೆ.

ಒಟ್ಟು 1,000 ಅಂಕ. ಅದರಲ್ಲಿ 325 ಅಂಕ ಕಾರು ಒಂದು ಅಡಿ ಮುಂದೆ ಹೋಗದೆಯೇ ಸಿಗುವಂಥವು. ವಿನ್ಯಾಸಕ್ಕೆ 150, ಖರ್ಚಿನ ಲೆಕ್ಕಕ್ಕೆ 100, ಈ ಕಾರನ್ನು ವ್ಯಾಪಾರವಾಗಿ ಹೇಗೆ ನಡೆಸುತ್ತೀರಿ ಅಂತ ವಿವರಿಸುವುದಕ್ಕೆ 75. ಈ ಪೈಪು ಇಷ್ಟೇ ದಪ್ಪ ಯಾಕೆ? ಈ ಬೋಲ್ಟಿಗೆ ಎಷ್ಟು ಬಿತ್ತು? ಕಡಿಮೆಯಲ್ಲಿ ಮಾಡಬಹುದಿತ್ತಲ್ಲ? ಎಲ್ಲದಕ್ಕೂ ಹುಡುಗರೇ ಉತ್ತರ ಕೊಡಬೇಕು.

ಆಮೇಲೆ ತಪಾಸಣೆ. ಕಾರನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ 60 ಡಿಗ್ರಿ ವಾಲಿಸುತ್ತಾರೆ. ಪೆಟ್ರೋಲ್ ಒಂದು ಹನಿ ಸೋರುವಂತಿಲ್ಲ. ಬ್ರೇಕ್ ಒತ್ತಿದರೆ ನಾಲ್ಕೂ ಗಾಲಿ ಒಟ್ಟಿಗೇ ನಿಲ್ಲಬೇಕು. ಚಾಲಕ ಬೆಲ್ಟ್ ಬಿಚ್ಚಿ 5 ಸೆಕೆಂಡಿನೊಳಗೆ ಹೊರಗೆ ಬರಬೇಕು. ಪೆಟ್ರೋಲ್ ಎಂಜಿನ್ 710 ಸಿಸಿ ದಾಟುವಂತಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನಿಂದಲೇ ಹೋಗಬೇಕು. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟೇ ಸಣ್ಣ ತೂತು ಅದು. ಅಂದರೆ ಸ್ಪರ್ಧೆಯ ನಿಯಮವೇ ವೇಗಕ್ಕೆ ಮೂಗುದಾರ ಹಾಕಿದೆ.

ಇಷ್ಟೆಲ್ಲ ದಾಟಿದ ಮೇಲೆ ಓಟ. ಒಂದು ಓಟ ಬರೀ 75 ಮೀಟರ್. ಕಾರ ಹುಣ್ಣಿಮೆಯ ದಿನ ನಮ್ಮೂರ ಅಗಸಿ ಮುಂದೆ ಕರಿ ಹರಿಯುವಾಗ ಎತ್ತು ಓಡುವಷ್ಟೇ ಅನ್ನಿ. ಕೊನೆಯದು ಸುಮಾರು 22 ಕಿಲೋಮೀಟರಿನದು. ಅರ್ಧ ದಾರಿಯಲ್ಲಿ ಎಂಜಿನ್ ಬಂದ್ ಮಾಡಿ ಚಾಲಕನನ್ನು ಬದಲಿಸಬೇಕು. ಕಾದ ಎಂಜಿನ್ ಮತ್ತೆ ಚಾಲೂ ಆಗಬೇಕು. ಎಷ್ಟೋ ಕಾರುಗಳು ಅಲ್ಲೇ ಕೈಕೊಡುತ್ತವೆ. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ನಡುಹೊಲದಲ್ಲಿ ನಿಂತಾಗ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೀಟಿನಲ್ಲಿ ಕೂರುವವನು ಒಬ್ಬ, ಹಿಂದೆ ನಿಂತವರು ಇಪ್ಪತ್ತು

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ ಟು ಸ್ಪ್ರಿಂಟ್ ರೇಸ್ ಗೆದ್ದರು. ಅಲ್ಲಿ ಫಾರ್ಮುಲಾ ಟು ರೇಸ್ ಗೆದ್ದ ಮೊದಲ ಭಾರತೀಯ. ಕನ್ನಡನಾಡಿಗೆ ಹೆಮ್ಮೆಯ ಮಾತೇ. ಆದರೆ ನಮ್ಮ ಮಕ್ಕಳಿಗೆ ಸುಳ್ಳು ಆಸೆ ಹುಟ್ಟಿಸುವುದು ಬೇಡ. ಆ ದಾರಿಯಲ್ಲಿ ಹೋಗಬೇಕೆಂದರೆ ಚಿಕ್ಕ ವಯಸ್ಸಿನಲ್ಲೇ ಗೋ-ಕಾರ್ಟ್ ಹತ್ತಬೇಕು, ಮುಂದೆ ಯುರೋಪಿನ ತಂಡಗಳಿಗೆ ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿ ದುಡ್ಡು ಹೊಂದಿಸಬೇಕು. ಕುಶ್ ಅವರದು ಉದ್ಯಮಿಗಳ ಮನೆತನ. ರೇವಾ ಎಲೆಕ್ಟ್ರಿಕ್ ಕಾರು ಮಾಡಿದ ಚೇತನ್ ಮೈನಿ ಅದೇ ಮನೆಯವರು. ಪ್ರತಿಭೆ ಅವರದೇ, ಆದರೆ ದಾರಿ ಖರ್ಚು ದೊಡ್ಡದು.

ಜೇವರ್ಗಿಯ ಹತ್ತಿ ಬೆಳೆಗಾರನ ಮಗ ಆ ಸೀಟಿನಲ್ಲಿ ಕೂರುವುದು ಇವತ್ತಿನ ಮಟ್ಟಿಗೆ ಆಗದ ಮಾತು. ಆದರೆ ಆ ಸೀಟಿನ ಹಿಂದೆ ನಿಲ್ಲುವ ಇಪ್ಪತ್ತು ಮಂದಿಯಲ್ಲಿ ಒಬ್ಬನಾಗಲು ಏನು ಅಡ್ಡಿ? ಬೆಸೆಯುವವನು, ಲೆಕ್ಕ ಇಡುವವನು, ಬ್ಯಾಟರಿ ನೋಡುವವಳು, ಬ್ರೇಕ್ ಕೂರಿಸುವವಳು. ಅಲ್ಲಿ ಅಪ್ಪನ ಆಸ್ತಿ ಕೇಳುವುದಿಲ್ಲ, ಕೈಯ ಕೆಲಸ ಕೇಳುತ್ತಾರೆ.

ಅಡ್ಡಿ ಎಲ್ಲಿದೆ ಅಂತ ನನ್ನ ಮನೆಯ ಮಾತೇ ಹೇಳುತ್ತೇನೆ. ನನ್ನ ಕಾಕಾನ ಮಗ ಮೆಕ್ಯಾನಿಕಲ್ ಇಂಜಿನಿಯರ್. ಯಾವ ಕಾಲೇಜು ಅಂತ ಹೇಳುವುದಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅವನ ಗುಂಪು ಬೆಂಗಳೂರಿನ ಅಂಗಡಿಯಿಂದ ರೆಡಿಮೇಡ್ ತಂದಿತ್ತು. ತಲೆಗೆ ಇಷ್ಟು ಅಂತ ದುಡ್ಡು ಹಾಕಿ, ಬಸ್ಸಿನಲ್ಲಿ ಡಬ್ಬಿಯಲ್ಲಿಟ್ಟು ತಂದರು. ತೋರಿಸಿದರು, ಪಾಸಾದರು. ಅವರಪ್ಪ ಅಫಜಲಪುರದ ಹತ್ತಿರ ಎರಡು ಎಕರೆ ಕಬ್ಬಿನ ದುಡ್ಡನ್ನೆಲ್ಲ ನಾಲ್ಕು ವರ್ಷ ಅದಕ್ಕೇ ಸುರಿದಿದ್ದರು. ಇವತ್ತು ಅವನು ಫೈನಾನ್ಸ್ ಕಂಪನಿಯೊಂದರಲ್ಲಿ ಸಾಲ ವಸೂಲಿಗೆ ಬೈಕ್ ಹತ್ತಿ ತಿರುಗುತ್ತಾನೆ. ಆ ಬೈಕಿನ ಚೈನ್ ಸಡಿಲಾದರೆ ಗ್ಯಾರೇಜಿಗೇ ಬರುತ್ತಾನೆ.

ಒಬ್ಬನಿಗೆ ಕೈ ಇದೆ, ಕಾಗದ ಇಲ್ಲ. ಇನ್ನೊಬ್ಬನಿಗೆ ಕಾಗದ ಇದೆ, ಕೈ ಇಲ್ಲ. ನಮ್ಮ ಮೂರೂ ತಾಲ್ಲೂಕಿನ ರೋಗ ಇದೇ.

"ನೀರಿಲ್ಲದ ಊರಿಗೆ ರೇಸ್ ಯಾಕ್ರಿ?"

ಈ ಮಾತು ಬಂದೇ ಬರುತ್ತದೆ. ಬರಬೇಕು ಕೂಡ. ಬೇಸಿಗೆಯಲ್ಲಿ ಭೀಮಾ ಬತ್ತಿದಾಗ ಟ್ಯಾಂಕರ್ ಕಾಯುವ ಊರಲ್ಲಿ ರೇಸಿನ ಮಾತಾಡುವವನಿಗೆ ನಾಚಿಕೆ ಇರಬೇಕು.

ಹೈದರಾಬಾದಿನ ಉದಾಹರಣೆಯೂ ನಮ್ಮ ಕಣ್ಣೆದುರಿಗಿದೆ. 2023ರ ಫೆಬ್ರವರಿಯಲ್ಲಿ ಹುಸೇನ್ ಸಾಗರದ ದಂಡೆಯ ರಸ್ತೆಗಳನ್ನೇ ಟ್ರ್ಯಾಕ್ ಮಾಡಿ ಫಾರ್ಮುಲಾ ಇ ರೇಸ್ ನಡೆಸಿದರು. ಸರ್ಕಾರ ಬದಲಾಯಿತು, ಮರುವರ್ಷದ ರೇಸ್ ರದ್ದಾಯಿತು. ಅದಕ್ಕೆ ಕೊಟ್ಟ ದುಡ್ಡಿನ ವಿಚಾರ ಎಸಿಬಿ ಕೇಸಿನ ತನಕ ಹೋಯಿತು. ರೇಸ್ ಬಂತು, ಹೋಯಿತು. ಊರಿನ ಹುಡುಗರಿಗೆ ಕಲಿಯಲು ಏನು ಉಳಿಯಿತು?

ಅದಕ್ಕೇ ನಾನು ಟ್ರ್ಯಾಕ್ ಕೇಳುತ್ತಿಲ್ಲ. ದೀಪ, ಪೆಂಡಾಲು, ಸಿನಿಮಾದವರು ಯಾವುದೂ ಬೇಡ. ನಾನು ಕೇಳುವುದು ಒಂದು ಶೆಡ್. ಒಂದು ಲೇಥ್, ಎರಡು ವೆಲ್ಡಿಂಗ್ ಮಷೀನ್, ರಾತ್ರಿ ಹತ್ತರ ತನಕ ಕರೆಂಟು, ಬೀಗದ ಕೈ ಹುಡುಗರ ಹತ್ತಿರ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಘೋಷಣೆಯಾಗಿದೆ. 371(ಜೆ) ಹೋರಾಡಿ ಪಡೆದದ್ದು ಬರೀ ರಸ್ತೆ, ಸಮುದಾಯ ಭವನಕ್ಕಲ್ಲ, ನಮ್ಮ ಮಕ್ಕಳು ಬೆಂಗಳೂರಿನವರ ಸಮಕ್ಕೆ ನಿಲ್ಲಲಿ ಅಂತ. ಒಂದು ಶೆಡ್ಡಿನ ಖರ್ಚು ಆ ಹಣದ ಮುಂದೆ ರಾಶಿಯ ಬದಿಗೆ ಉದುರಿದ ಹಿಡಿ ತೊಗರಿ. ಕುಡಿಯುವ ನೀರಿನ ದುಡ್ಡಿಗೆ ಕೈ ಹಾಕಬೇಕಿಲ್ಲ.

ಇನ್ನೊಂದು ಭಯ ತಾಯಂದಿರದು. "ಮೊದಲೇ ವೀಲಿಂಗ್ ಮಾಡಿ ಸಾಯ್ತಾವ, ಇನ್ನ ರೇಸ್ ಕಲಸ್ತೀರೇನು?" ಅಂತ ನಮ್ಮವ್ವನೇ ಕೇಳಿದಳು. ಅವಳಿಗೆ ಆ 60 ಡಿಗ್ರಿ ವಾಲಿಸುವುದು, 5 ಸೆಕೆಂಡಿನ ಪರೀಕ್ಷೆ, ಹೆಲ್ಮೆಟ್, ಬೆಂಕಿ ತಡೆಯುವ ಅಂಗಿ ಎಲ್ಲ ಹೇಳಿದೆ. ಬ್ರೇಕ್ ಸರಿಯಿಲ್ಲದ ಕಾರನ್ನು ಟ್ರ್ಯಾಕಿಗೇ ಬಿಡುವುದಿಲ್ಲ ಅಂದೆ. ಹೆದ್ದಾರಿಯಲ್ಲಿ ಗಾಡಿ ಎತ್ತುವ ಹುಡುಗನಿಗೆ ಅದನ್ನು ತೋರಿಸಲು ಬೇರೆ ಜಾಗವೇ ಇಲ್ಲ. ಜಾಗ ಕೊಟ್ಟರೆ ಎಲ್ಲರೂ ಸುಧಾರಿಸುತ್ತಾರೆ ಅಂತ ನಾನು ಹೇಳಲಾರೆ. ಕೆಲವರಾದರೂ ಎಂಜಿನ್ ಬಿಚ್ಚಿ ನೋಡುವ ಕಡೆ ತಿರುಗುತ್ತಾರೆ.

ಗ್ಯಾರೇಜಿನ ಹುಡುಗನ ಗತಿ?

ಇಲ್ಲೊಂದು ಕಹಿ ಸತ್ಯ ಇದೆ. ಫಾರ್ಮುಲಾ ಸ್ಟೂಡೆಂಟ್‌ಗೆ ಡಿಗ್ರಿ ಓದುವ ವಿದ್ಯಾರ್ಥಿಗಳು ಮಾತ್ರ. ಕಸುಬಿನ ಮೆಕ್ಯಾನಿಕ್ ಬಂದು ಕಾರು ಮಾಡಿಕೊಡುವಂತಿಲ್ಲ. ನಿಯಮ ಸರಿಯೇ, ಇಲ್ಲದಿದ್ದರೆ ದುಡ್ಡಿದ್ದವರು ಮಾಡಿಸಿಕೊಂಡು ಬರುತ್ತಿದ್ದರು. ಆದರೆ ಆಳಂದ ರಸ್ತೆಯ ಆ ಹುಡುಗ ಹೊರಗೇ ಉಳಿಯುತ್ತಾನೆ.

ಮಾಡಿಕೊಡುವಂತಿಲ್ಲ, ಕಲಿಸಬಹುದಲ್ಲ? ಬೇಸಿಗೆ ರಜೆಯಲ್ಲಿ ಇಂಜಿನಿಯರಿಂಗ್ ಹುಡುಗರು ಒಂದು ತಿಂಗಳು ಅವನ ಗ್ಯಾರೇಜಿನಲ್ಲಿ ಪಾನಾ ಹಿಡಿಯಲಿ. ಅವನಿಗೆ ದಿನದ ಕೂಲಿ ಕಾಲೇಜು ಕೊಡಲಿ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳನ್ನು ತರಿಸಿದ್ದಾರೆ. ಕಲಬುರಗಿಯಲ್ಲಿ ಜಿಟಿಟಿಸಿ ಇದೆ. ಐಟಿಐ, ಡಿಪ್ಲೊಮಾ ಮಕ್ಕಳಿಗೆ ಗೋ-ಕಾರ್ಟ್ ಮಾಡುವ ಸ್ಪರ್ಧೆಯೊಂದನ್ನು ಜಿಲ್ಲೆಯಲ್ಲೇ ಇಡಬಹುದು. ಗೆದ್ದವರಿಗೆ ಮುಂದೆ ಓದಲು ಸಹಾಯ ಮಾಡಬಹುದು. ಗ್ಯಾರೇಜಿನಿಂದ ಐಟಿಐಗೆ, ಐಟಿಐಯಿಂದ ಡಿಪ್ಲೊಮಾಗೆ, ಡಿಪ್ಲೊಮಾದಿಂದ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಮೆಟ್ಟಿಲು ಈಗಲೂ ಇದೆ. ಅದನ್ನು ಹತ್ತುವ ಆಸೆ ಹುಟ್ಟಿಸಲು ಒಂದು ನೆಪ ಬೇಕು.

ಹಾಗೆ ಮಾಡಿದ ಕಾರನ್ನು ವರ್ಷಕ್ಕೊಮ್ಮೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕಾಲೇಜು ಮೈದಾನದಲ್ಲಿ ತಂದು ನಿಲ್ಲಿಸಲಿ. ಎಷ್ಟು ಖರ್ಚಾಯಿತು, ಎಲ್ಲಿಂದ ಬಂತು ಅನ್ನುವ ಲೆಕ್ಕದ ಹಾಳೆಯನ್ನೂ ಪಕ್ಕದಲ್ಲೇ ಅಂಟಿಸಲಿ. ಹೇಗೂ ಖರ್ಚಿನ ಲೆಕ್ಕಕ್ಕೆ 100 ಅಂಕ ಇದೆಯಲ್ಲ.

ಸರ್ಕಾರ ಯಾವಾಗ ಕೇಳುತ್ತದೋ ಗೊತ್ತಿಲ್ಲ. ಅಲ್ಲಿಯ ತನಕ ನಾವು ಮಾಡಬಹುದಾದ ಒಂದು ಕೆಲಸ ಇದೆ. ಸಿಇಟಿ ಸೀಟು ಆರಿಸುವಾಗ ಮಗನ, ಮಗಳ ಜೊತೆ ಕಾಲೇಜಿಗೆ ಹೋಗುತ್ತೀರಲ್ಲ, ಫೀಸ್ ಎಷ್ಟು, ಹಾಸ್ಟೆಲ್ ಎಲ್ಲಿ ಅಂತ ಕೇಳಿದ ಮೇಲೆ ಇನ್ನೂ ಎರಡು ಪ್ರಶ್ನೆ ಕೇಳಿ: "ನಿಮ್ಮ ಮಕ್ಕಳು ತಾವೇ ಮಾಡಿದ ಗಾಡಿ ಯಾವುದಾದರೂ ಐತೇನ್ರಿ? ವರ್ಕ್‌ಶಾಪ್ ಒಮ್ಮೆ ತೋರಸ್ತೀರೇನ್ರಿ?"

ತೋರಿಸಿದರೆ ಒಳಗೆ ಹೋಗಿ ಲೇಥ್ ಮುಟ್ಟಿ ನೋಡಿ. ಕೈಗೆ ಎಣ್ಣೆ ಹತ್ತಿದರೆ ಅಲ್ಲಿ ಕೆಲಸ ನಡೆದಿದೆ. ಧೂಳು ಹತ್ತಿದರೆ, ಇನ್ನೊಂದು ಕಾಲೇಜು ನೋಡಿ.