ಎತ್ತಿನ ಹೆಗಲು, ನಮ್ಮ ಹೆಗಲು



ಎತ್ತಿಗೆ ಹೆಗಲು ಬಾವು ಬಂದರೆ ನೀವು ನೊಗ ಇಳಿಸಿ ನಾಲ್ಕು ದಿನ ಕೊಟ್ಟಿಗೆಯಲ್ಲಿ ಕಟ್ಟುತ್ತೀರಿ. ನಿಮ್ಮದೇ ರಟ್ಟೆ ನೋಯುವಾಗ ಮಾತ್ರ ‘ನರ ಹಿಡಿದಿದೆ’ ಎಂದು ಮರುದಿನವೂ ಮೂಟೆ ಹೊರುತ್ತೀರಿ.

ಅಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ನರವಲ್ಲ. ಭುಜದ ಕೀಲನ್ನು ನಾಲ್ಕು ಸ್ನಾಯುಗಳು ಸುತ್ತಲಿನಿಂದ ಹಿಡಿದಿಟ್ಟಿವೆ. ಅವನ್ನು ಎಲುಬಿಗೆ ಬಿಗಿದಿರುವ ಮಿಣಿಯಂಥ ಭಾಗವೇ ಸ್ನಾಯುರಜ್ಜು. ಮೇಲಿನ ರಜ್ಜು ಎರಡು ಎಲುಬುಗಳ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಬಣವೆಯ ಮೇಲಕ್ಕೆ ಹೊರೆ ಎಸೆಯುವಾಗ, ದೋಟಿ ಹಿಡಿದು ಅಡಿಕೆ ಗೊನೆ ಇಳಿಸುವಾಗ, ಲಾರಿಗೆ ಚೀಲ ಏರಿಸುವಾಗ, ಅಂತೂ ಕೈ ಹೆಗಲಿಗಿಂತ ಮೇಲೆ ಹೋದಾಗ ಅದರ ಮೇಲೆ ಒತ್ತಡ ಹೆಚ್ಚು. ತಲೆಹೊರೆಗೆ ಕೈಯೆತ್ತಿ ಹಿಡಿದು ದೂರ ನಡೆಯುವ ಹೆಣ್ಣುಮಕ್ಕಳಿಗೂ ಇದು ತಪ್ಪಿದ್ದಲ್ಲ. ಬಾವಿಯ ಹಗ್ಗದಂತೆ ರಜ್ಜು ವರ್ಷಗಟ್ಟಲೆ ಎಳೆ ಎಳೆಯಾಗಿ ಸವೆಯುತ್ತದೆ. ಕೊನೆಗೊಂದು ದಿನ ಬದುವಿನಲ್ಲಿ ಜಾರಿ ಕೈ ಊರಿದರೆ ಸಾಕು, ಹರಿಯುತ್ತದೆ. ನಾವು ಬದುವನ್ನು ದೂರುತ್ತೇವೆ!

ವಯಸ್ಸು ನಲವತ್ತು ದಾಟಿದ ಮೇಲೆ ಈ ಅಪಾಯ ಏರುತ್ತ ಹೋಗುತ್ತದೆ. ಸಕ್ಕರೆ ಕಾಯಿಲೆಯೂ ಬೀಡಿಯೂ ರಜ್ಜನ್ನು ದುರ್ಬಲಗೊಳಿಸುತ್ತವೆ.

ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಕ್ವಿಂಟಲ್ ಚೀಲ ಎತ್ತುವುದೇ ಗಂಡಸುತನ ಎಂಬ ಹಮ್ಮು ನಮ್ಮಲ್ಲಿ ಇನ್ನೂ ಹೋಗಿಲ್ಲ. ಕಣದಲ್ಲೇ 50 ಕಿಲೋಗಿಂತ ಹೆಚ್ಚು ತುಂಬದಂತೆ ನೋಡಿಕೊಳ್ಳಿ, ಆ ಚೀಲಕ್ಕೂ ಇಬ್ಬರು ಕೈಹಾಕಿ. ಕೂಲಿಯಾಳಿನಿಂದ ಎತ್ತಿಸುವವರಿಗೂ ಈ ಮಾತು ಸಲ್ಲುತ್ತದೆ. ಅವನ ರಟ್ಟೆ ಹೋದರೆ ಆ ಮನೆಯ ಒಲೆಯೇ ಆರುತ್ತದೆ. ಬಣವೆ ಒಟ್ಟುವಾಗ ಕೆಳಗಿನವರೂ ಮೇಲಿನವರೂ ಆಗಾಗ ಜಾಗ ಬದಲಿಸಿಕೊಳ್ಳಿ.

ನೋಯುವ ಮಗ್ಗುಲಿಗೆ ರಾತ್ರಿ ಮಲಗಲಾಗದಿದ್ದರೆ, ಅಂಗಿ ತೊಡಲು ಕೈ ಏಳದಿದ್ದರೆ ಎಚ್ಚರಗೊಳ್ಳಿ. ಮೇಲೆತ್ತುವ ಕೆಲಸವನ್ನು ಕೆಲವು ವಾರ ಬಿಡಿ. ಆದರೆ ಕೈಯನ್ನು ಜೋಳಿಗೆ ಕಟ್ಟಿ ಕೂರಿಸಬೇಡಿ, ಕೀಲು ಬಿಗಿದುಕೊಳ್ಳುತ್ತದೆ. ವೈದ್ಯರು ತೋರಿಸುವ ವ್ಯಾಯಾಮದಿಂದಲೇ ಎಷ್ಟೋ ಜನರಿಗೆ ಗುಣವಾಗುತ್ತದೆ, ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಬಿದ್ದ ಮೇಲೆ ಕೈ ಮೇಲೇಳದೇ ಹೋದರೆ ಮಾತ್ರ ಅದು ಬೇರೆಯೇ ಸಂಗತಿ. ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕಾದರೆ ಹರಿದ ರಜ್ಜು ಹಿಂದಕ್ಕೆ ಸರಿದು, ಸ್ನಾಯು ಸೊರಗಿ, ಹೊಲಿಯುವುದೇ ಕಷ್ಟವಾದೀತು. ಕಟಾವು ಎರಡು ದಿನ ತಡವಾದರೂ ಚಿಂತೆಯಿಲ್ಲ, ಅದೇ ವಾರ ಮೂಳೆ ವೈದ್ಯರಿಗೆ ತೋರಿಸಿ.