ಹಾಲು ಉಕ್ಕಿದ್ದಕ್ಕೆ ಬೈಗುಳವೇ ಮದ್ದೇ?

“ಒಲೆಯ ಮೇಲೆ ಹಾಲಿಟ್ಟು ಎಲ್ಲಿಗೆ ಹೋಗಿದ್ದೆ?” ಎಂಬ ಕೂಗು ಕೇಳದ ಮನೆ ಯಾವುದಿದೆ? ಹಾಲು ಉಕ್ಕುವುದು, ರೊಟ್ಟಿ ಸೀಯುವುದು, ಬೀಗದ ಕೈ ಕಾಣೆಯಾಗುವುದು ಎಲ್ಲರ ಮನೆಯಲ್ಲೂ ಒಮ್ಮೊಮ್ಮೆ ನಡೆಯುತ್ತದೆ. ಆದರೆ ಕೆಲವು ಹೆಣ್ಣುಮಕ್ಕಳ ಪಾಲಿಗೆ ಇದು ದಿನನಿತ್ಯದ ಪಾಡು. ಸಂಘದ ಕಂತಿನ ಹಣ ಡಬ್ಬಿಯಲ್ಲೇ ಇರುತ್ತದೆ, ಕಟ್ಟುವ ದಿನ ಮಾತ್ರ ದಾಟಿ ಹೋಗಿರುತ್ತದೆ. ಹೊಲಿಯಲು ತೆಗೆದುಕೊಂಡ ನಾಲ್ಕು ರವಿಕೆಗಳೂ ಅರ್ಧಕ್ಕೆ ನಿಂತಿರುತ್ತವೆ. ಮದುವೆಗೆ ಹೊರಟ ಮನೆಮಂದಿಯೆಲ್ಲ ಬಸ್ ನಿಲ್ದಾಣ ತಲುಪಿದರೂ ಈಕೆ ಮಗುವಿನ ಒಂಟಿ ಚಪ್ಪಲಿ ಹುಡುಕುತ್ತಿರುತ್ತಾಳೆ.

ಶಾಲೆಯಲ್ಲಿ “ಬುದ್ಧಿ ಇದೆ, ಗಮನ ಇಲ್ಲ” ಎನ್ನಿಸಿಕೊಂಡವಳು ಗಂಡನ ಮನೆಯಲ್ಲಿ “ಜವಾಬ್ದಾರಿ ಇಲ್ಲದವಳು” ಆಗುತ್ತಾಳೆ. ಅತ್ತೆ, ನಾದಿನಿ, ಪತಿ ಎಲ್ಲರೂ ಅದನ್ನೇ ಹೇಳಿ ಹೇಳಿ ಕೊನೆಗೆ ಆಕೆಯೂ ಅದನ್ನೇ ನಂಬುತ್ತಾಳೆ. ಎಷ್ಟೋ ದಾಂಪತ್ಯಗಳು ಇಂಥ ಸಣ್ಣ ಸಣ್ಣ ಜಗಳಗಳಿಂದಲೇ ಬಿರುಕು ಬಿಡುತ್ತವೆ.

ಇವರಲ್ಲಿ ಕೆಲವರಿಗಾದರೂ ಇರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಗಮನವನ್ನು ಬೇಕಾದ ಕಡೆ ನಿಲ್ಲಿಸುವುದು, ಸಮಯವನ್ನು ಅಂದಾಜು ಮಾಡುವುದು, ಆರಂಭಿಸಿದ್ದನ್ನು ಮುಗಿಸುವುದು ಇವರಿಗೆ ಕಷ್ಟ. ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಮನಸ್ಸಿಗೆ ಹಿಡಿಸಿದ ಕೆಲಸದಲ್ಲಿ ಇವರು ಊಟ ಮರೆತು ಮುಳುಗಿಬಿಡುವುದೂ ಉಂಟು. “ಮೆಹಂದಿ ಹಾಕಲು ಮೂರು ಗಂಟೆ ಕೂರುತ್ತಾಳೆ, ಮನೆ ಲೆಕ್ಕ ಬರೆಯಲು ಹತ್ತು ನಿಮಿಷ ಆಗುವುದಿಲ್ಲವೇ?” ಎಂಬ ಮೂದಲಿಕೆ ಹುಟ್ಟುವುದು ಇಲ್ಲಿಯೇ. ಆಕೆಗೆ ಮನಸ್ಸಿಲ್ಲವೆಂದು ಇದರ ಅರ್ಥವಲ್ಲ. ಗಮನದ ಹಗ್ಗ ಆಕೆಯ ಕೈಯಲ್ಲಿ ಪೂರ್ತಿಯಾಗಿ ಇಲ್ಲ.

ಇದು ಹೊಸ ಕಾಯಿಲೆಯೇನೂ ಅಲ್ಲ. 1902ರಲ್ಲಿಯೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ನೀಡಿದ್ದರು. ಆದರೆ ಬಹುಕಾಲ ಇದನ್ನು ತುಂಟ ಗಂಡುಮಕ್ಕಳ ತೊಂದರೆ ಎಂದೇ ಭಾವಿಸಲಾಗಿತ್ತು. ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಶಿಕ್ಷಕರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕುಳಿತ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡವರಾದಂತೆ ಇದು ತಾನಾಗಿ ಹೋಗುತ್ತದೆ ಎಂಬ ನಂಬಿಕೆಯೂ ಈಗ ಉಳಿದಿಲ್ಲ. 2013ರಲ್ಲಿ ಪರಿಷ್ಕೃತವಾದ ಅಮೆರಿಕದ ಮನೋವೈದ್ಯರ ಕೈಪಿಡಿಯು ವಯಸ್ಕರಿಗೆ ಐದು ಲಕ್ಷಣಗಳಿದ್ದರೆ ಸಾಕು ಎಂದಿತು. ಮಕ್ಕಳಿಗೆ ಆರು ಬೇಕು. ಆದರೆ ಆ ಲಕ್ಷಣಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು.

ನಡುವಯಸ್ಸಿನ ತಾಯಂದಿರಿಗೆ ಇದು ಗೊತ್ತಾಗುವುದು ಹೆಚ್ಚಾಗಿ ಮಗುವಿನಿಂದ. ಮಗನನ್ನು ವೈದ್ಯರ ಬಳಿ ಕರೆದೊಯ್ದಾಗ ಅವರು ಕೇಳುವ ಒಂದೊಂದು ಪ್ರಶ್ನೆಯೂ ತಾಯಿಗೆ ತನ್ನದೇ ಬಾಲ್ಯದ ಕಥೆಯಂತೆ ಕೇಳಿಸುತ್ತದೆ. ಇದು ವಂಶದಲ್ಲಿ ಬಲವಾಗಿ ಹರಿದುಬರುವ ತೊಂದರೆಯಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ.

ಮೂವತ್ತೈದು, ನಲವತ್ತರಲ್ಲಿ ಗೊತ್ತಾದವರ ಮನಸ್ಸಿನಲ್ಲಿ ಎರಡು ಭಾವನೆಗಳು ಒಟ್ಟಿಗೇ ಏಳುತ್ತವೆ. “ನಾನು ಸೋಮಾರಿಯಲ್ಲ” ಎಂಬ ನಿರಾಳ ಒಂದು. “ಮೊದಲೇ ಗೊತ್ತಾಗಿದ್ದರೆ ಪಿಯುಸಿ ಬಿಡುತ್ತಿರಲಿಲ್ಲ, ಇಷ್ಟು ಮಾತು ಕೇಳುತ್ತಿರಲಿಲ್ಲ” ಎಂಬ ಸಂಕಟ ಇನ್ನೊಂದು. ಈ ಸಂಕಟವನ್ನು ಮನೆಯವರು ಹಗುರವಾಗಿ ಕಾಣಬಾರದು. ಆಕೆ ಅತ್ತರೆ ಅಳಲು ಬಿಡಿ.

ಹಾಗೆಂದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ “ನನಗೂ ಇದೇ ಇದೆ” ಎಂದು ತೀರ್ಮಾನಿಸುವುದೂ ಸರಿಯಲ್ಲ. ನಿದ್ರೆಯ ಕೊರತೆ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಮುಟ್ಟು ನಿಲ್ಲುವ ಕಾಲದ ಏರುಪೇರು, ಇವೆಲ್ಲವೂ ಮರೆವನ್ನೂ ಚಂಚಲತೆಯನ್ನೂ ತರಬಲ್ಲವು. ಮನೋವೈದ್ಯರು ಇವನ್ನೆಲ್ಲ ವಿಚಾರಿಸಿ, ಬಾಲ್ಯದ ವಿವರ ಕೇಳಿ ನಿರ್ಧರಿಸುತ್ತಾರೆ. ಹೋಗುವಾಗ ಹಳೆಯ ಅಂಕಪಟ್ಟಿಗಳಿದ್ದರೆ ಒಯ್ಯಿರಿ. ನಿಮ್ಮ ಬಾಲ್ಯವನ್ನು ಬಲ್ಲ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯುವುದು ಇನ್ನೂ ಒಳ್ಳೆಯದು.

“ಅದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಲ್ಲ” ಎಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸಹೋದರಿಯರು ಕೇಳಬಹುದು. ಅವರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಈ ಊರುಗಳೆಲ್ಲ ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆಯು ಇದೇ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. “ಬಳ್ಳಾರಿ ಮಾದರಿ” ಎಂದೇ ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಆಗ ಗಮನವಿದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗದಂಥ ಕಾಯಿಲೆಗಳ ಮೇಲೆ. ಗೃಹಿಣಿಯ ಮರೆವು ಅದರಲ್ಲಿ ಸೇರಿರಲಿಲ್ಲ. ಆದರೆ ಅಂದು ತೆರೆದ ಬಾಗಿಲು ಇಂದು ಆಕೆಗೂ ತೆರೆದಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಹೊರಗೆ ಹೋಗಲು ಸಂಕೋಚವಾದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಚಿಕಿತ್ಸೆಯಲ್ಲಿ ಔಷಧಿಯೂ ಇದೆ. ಮಿಥೈಲ್‌ಫೆನಿಡೇಟ್, ಅಟಾಮಾಕ್ಸೆಟಿನ್ ಎಂಬ ಮಾತ್ರೆಗಳು ಬಳಕೆಯಲ್ಲಿವೆ. ಮೊದಲನೆಯದು ಕಾನೂನಿನ ನಿಯಂತ್ರಣದಲ್ಲಿರುವ ಔಷಧಿ, ವೈದ್ಯರ ಚೀಟಿ ಇಲ್ಲದೆ ಕೊಳ್ಳುವಂತಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ, ಬಸಿರು, ಹಾಲೂಡಿಸುವಿಕೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ರಮಝಾನ್ ಬರುವ ಮುಂಚೆ ಮಾತ್ರೆಯ ಹೊತ್ತನ್ನು ಸಹರಿಗೆ ಹೊಂದಿಸಬಹುದೇ ಎಂದು ಅವರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಮಾತ್ರೆಯಿಂದ ಹಲವರಿಗೆ ಗಮನ ನಿಲ್ಲುತ್ತದೆ, ಆದರೆ ಮನೆ ತಾನಾಗಿ ಅಚ್ಚುಕಟ್ಟಾಗುವುದಿಲ್ಲ. ಅದಕ್ಕೆ ಏರ್ಪಾಡು ಬೇಕು.

ಏರ್ಪಾಡೆಂದರೆ ದೊಡ್ಡದೇನಲ್ಲ. ನೆನಪನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಕಣ್ಣೆದುರಿಗೆ ಇಡಬೇಕು. ಬೀಗದ ಕೈಗೆ ಬಾಗಿಲ ಪಕ್ಕದಲ್ಲೊಂದು ಮೊಳೆ. ಅಡುಗೆಮನೆಯ ಗೋಡೆಗೆ ದೊಡ್ಡ ಕ್ಯಾಲೆಂಡರ್, ಅದರಲ್ಲಿ ಶಾಲೆಯ ಶುಲ್ಕ, ಕರೆಂಟ್ ಬಿಲ್ಲು, ಸಂಘದ ಕಂತು. ಒಲೆ ಹಚ್ಚಿದೊಡನೆ ಮೊಬೈಲಿನಲ್ಲಿ ಅಲಾರಂ. “ಮನೆ ಶುಚಿ ಮಾಡಬೇಕು” ಎಂದುಕೊಂಡರೆ ಕೈಯೇ ಆಡುವುದಿಲ್ಲ. “ಈಗ ಪಾತ್ರೆ ಮಾತ್ರ” ಎಂದುಕೊಂಡರೆ ಆಡುತ್ತದೆ. ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಕೆಲಸ ಸಾಗುವುದು ಇವರ ಸ್ವಭಾವ. ಹಡಗಲಿಯಲ್ಲಿ ನಾಲ್ವರು ಕೂಡಿ ಮಲ್ಲಿಗೆ ಕಟ್ಟುವಂತೆ, ನೆರೆಮನೆಯವಳನ್ನು ಕರೆದು ಇಬ್ಬರೂ ನಿಮ್ಮ ನಿಮ್ಮ ಹೊಲಿಗೆ ಮಾಡಿ. ಅರ್ಧಕ್ಕೆ ನಿಂತ ರವಿಕೆ ಮುಗಿಯುತ್ತದೆ.

ಇನ್ನೊಂದು ಮಾತು. ನಮಾಝಿನಲ್ಲಿ ರಕಅತ್ ಎಣಿಕೆ ತಪ್ಪುತ್ತದೆ, ನನ್ನ ಈಮಾನೇ ದುರ್ಬಲವೇನೋ ಎಂದು ಒಳಗೊಳಗೇ ಕೊರಗುವವರಿದ್ದಾರೆ. ಮರೆವಿಗೆಂದೇ ಸಹ್ವಿನ ಸುಜೂದ್ ಇದೆ. ಮರೆಯುವುದು ಮನುಷ್ಯ ಸಹಜವೆಂದು ಅದಕ್ಕೆ ಪರಿಹಾರವನ್ನೂ ತೋರಿಸಿಕೊಟ್ಟ ಧರ್ಮವನ್ನು ನಂಬಿದವರು ಮನೆಯ ಸೊಸೆಯ ಮರೆವಿಗೆ ಬರೀ ಬೈಗುಳ ಕೊಡುವುದು ಎಷ್ಟು ಸರಿ?

ಎಡಿಎಚ್‌ಡಿ ಇದೆಯೆಂದ ಮಾತ್ರಕ್ಕೆ ಜವಾಬ್ದಾರಿ ತಪ್ಪುವುದಿಲ್ಲ ನಿಜ. ಹಾಲು ಉಕ್ಕಿದರೆ ಒರೆಸಬೇಕಾದವಳು ಆಕೆಯೇ. ಆದರೆ ಕನ್ನಡಕ ಬೇಕಾದವಳಿಗೆ “ಕಣ್ಣು ಬಿಟ್ಟು ನೋಡು” ಎಂದು ಗದರಿದರೆ ಅಕ್ಷರ ಕಾಣುವುದಿಲ್ಲ. ಪತಿಯಾದವನು “ಯಾಕೆ ಮರೆತೆ?” ಎನ್ನುವುದನ್ನು ಬಿಟ್ಟು “ನಾಳೆ ಮರೆಯದಂತೆ ಏನು ಮಾಡೋಣ?” ಎಂದು ಕೇಳಲಿ. ಕಂತು ಕಟ್ಟುವ ಕೆಲಸ ಅವನೇ ವಹಿಸಿಕೊಂಡು, ಆಕೆ ಚೆನ್ನಾಗಿ ಮಾಡುವ ಇನ್ನೊಂದನ್ನು ಆಕೆಗೆ ಬಿಡಲಿ. ಅತ್ತೆಯಾದವರು ಹಾಲಿಟ್ಟ ಒಲೆಯ ಕಡೆ ತಾವೂ ಒಮ್ಮೆ ಕಣ್ಣು ಹಾಯಿಸಲಿ. ಅಮ್ಮನಂತೆಯೇ ಮರೆಯುವ ಮಗಳೊಬ್ಬಳು ಅದೇ ಮನೆಯಲ್ಲಿ ಬೆಳೆಯುತ್ತಿರಬಹುದು. ಅವಳಿಗೆ ನಲವತ್ತು ವರ್ಷ ಕಾಯುವ ಪಾಡು ಬಾರದಿರಲಿ.